ಎರಡು ದಿನದ ರಾಜ, ಎರಡು ತಿಂಗಳ ನಾಣ್ಯ

ಸಂಪಾದಕರಿಗೆ ನಮಸ್ಕಾರ,

ಹೋದ ಭಾನುವಾರದ ಪುರವಣಿಯಲ್ಲಿ ರೋಮ್ ಸಾಮ್ರಾಜ್ಯದ ಅಲ್ಪಾಯುಷಿ ಚಕ್ರವರ್ತಿಗಳ ಬಗ್ಗೆ ಅರ್ಧ ಪುಟ ಬಂದಿತ್ತಲ್ಲ, ಅದನ್ನ ಓದಿ ಬರೀತಿದ್ದೀನಿ. ಕನ್ನಡ ಪೇಪರಲ್ಲಿ ಈ ವಿಷಯ ಬರೋದೇ ಅಪರೂಪ, ಅದಕ್ಕೆ ಮೊದಲು ಥ್ಯಾಂಕ್ಸ್. ಆದ್ರೆ ಎರಡು ತಪ್ಪಿದೆ. ಒಂದು ಸಣ್ಣದು, ನೋಡಿದ ತಕ್ಷಣ ನಗು ಬಂತು. ಇನ್ನೊಂದು ದೊಡ್ಡದು, ಅದಕ್ಕೇ ಈ ಇಷ್ಟುದ್ದ ಪತ್ರ, ಜಾಗ ಇಲ್ಲ ಅಂದ್ರೆ ಕತ್ತರಿ ಹಾಕಿ ಆದ್ರೆ ಗಾಲ್ ದೇಶದ ಕಮ್ಮಾರನ ವಿಷಯ ಮಾತ್ರ ಬಿಡಬೇಡಿ.

ಸಣ್ಣ ತಪ್ಪು ಏನಂದ್ರೆ, ಒಂದು ನಾಣ್ಯದ ಫೋಟೋ ಹಾಕಿ ಕೆಳಗೆ 'ಮೊದಲನೇ ಗೋರ್ಡಿಯನ್' ಅಂತ ಬರೆದಿದ್ದೀರಿ. ಲೇಖನದಲ್ಲೇ ಆತನಿಗೆ ಆಗ ಸುಮಾರು 80 ವರ್ಷ ಅಂತ ಇದೆ. ಫೋಟೋದಲ್ಲಿರೋನು ಮೀಸೆ ಕೂಡ ಬರದ ಹುಡುಗ! ಅದು ಮೂರನೇ ಗೋರ್ಡಿಯನ್ ಕಣ್ರೀ, ಮೊದಲನೆಯವನ ಮೊಮ್ಮಗ, ಪಟ್ಟಕ್ಕೆ ಬಂದಾಗ 13 ವರ್ಷ. ಅವನ ನಾಣ್ಯ ಎಲ್ಲಿ ನೋಡಿದ್ರೂ ಸಿಗುತ್ತೆ, ತಾತನ ನಾಣ್ಯ ಮಾತ್ರ ಮ್ಯೂಸಿಯಮ್ಮಲ್ಲೋ ದೊಡ್ಡ ಹರಾಜಲ್ಲೋ ನೋಡಬೇಕು, ಹಾಗಾಗಿ ಫೋಟೋ ಹುಡುಕಿದವರಿಗೆ ಮೊಮ್ಮಗ ಸಿಕ್ಕಿಬಿಟ್ಟಿದ್ದಾನೆ ಅನ್ಸುತ್ತೆ.

ದೊಡ್ಡ ತಪ್ಪು ಲೇಖನದ ಕೊನೇ ಮಾತು. "ಇವರೆಲ್ಲ ಲೆಕ್ಕಕ್ಕಿಲ್ಲದ ರಾಜರು, ಇವರು ಬಿಟ್ಟುಹೋದದ್ದು ನಾಲ್ಕು ಚಿಲ್ಲರೆ ಕಾಸು ಮಾತ್ರ" ಅಂತ ಮುಗಿಸಿದ್ದಾರೆ. ಆ ಚಿಲ್ಲರೆ ಕಾಸೇ ಅಲ್ವಾ ಸ್ವಾಮಿ ಲೆಕ್ಕ? ನಮ್ಮಪ್ಪಂದು ದಾವಣಗೆರೆಯಲ್ಲಿ ಚಿಕ್ಕ ಬೆಳ್ಳಿ ಅಂಗಡಿ ಇತ್ತು, ನಾನು ಸ್ಕೂಲ್ ಬಿಟ್ಟು ಬಂದು ಅಲ್ಲೇ ಕೂತು ಹೋಮ್‌ವರ್ಕ್ ಮಾಡ್ತಿದ್ದೆ. ಹಳೇ ಬೆಳ್ಳಿ ಮಾರೋಕೆ ಬಂದವರು ಇದು ನಮ್ಮಜ್ಜಿ ಕಾಲದ್ದು ಅಪ್ಪಟ ಬೆಳ್ಳಿ ಅಂತ ಏನೇನೋ ಕಥೆ ಹೇಳೋರು, ನಮ್ಮಪ್ಪ ಹೂಂ ಹೂಂ ಅಂತ ಕೇಳ್ಕೊಂಡು ಸುಮ್ಮನೆ ಒರೆಗಲ್ಲಿಗೆ ಉಜ್ಜಿ ನೋಡೋರು. ನಾಣ್ಯದ ಹುಚ್ಚು ಹತ್ತಿದ ಮೇಲೆ ನಾನೂ ಹಂಗೇ, ಪುಸ್ತಕದಲ್ಲಿ ಬರೆದದ್ದನ್ನ ಕೇಳ್ತೀನಿ, ಆಮೇಲೆ ನಾಣ್ಯ ನೋಡ್ತೀನಿ.

ಈಗ ಕಮ್ಮಾರನ ವಿಷಯ. ಹೆಸರು ಮಾರಿಯಸ್. ಕ್ರಿ.ಶ. 260ರ ಹೊತ್ತಿಗೆ ರೋಮ್ ಸಾಮ್ರಾಜ್ಯ ಮೂರು ಹೋಳಾದ ಹಾಗೆ ಆಗಿತ್ತು. ಚಕ್ರವರ್ತಿ ವಲೇರಿಯನ್ನನ್ನೇ ಪರ್ಷಿಯಾದ ಶಾಪುರ ಸೆರೆ ಹಿಡಿದುಕೊಂಡು ಹೋದ, ಪಶ್ಚಿಮದಲ್ಲಿ ಗಾಲ್ ಪ್ರಾಂತ್ಯ, ಅಂದ್ರೆ ಈಗಿನ ಫ್ರಾನ್ಸ್ ಕಡೆ, ಪೋಸ್ಟುಮಸ್ ಅನ್ನೋ ಸೇನಾಪತಿ ತನ್ನದೇ ಬೇರೆ ಸಾಮ್ರಾಜ್ಯ ಮಾಡ್ಕೊಂಡ, ಪೂರ್ವದಲ್ಲಿ, ಈಗಿನ ಸಿರಿಯಾ ಕಡೆ, ಪಾಲ್ಮೈರಾ ಊರಿನವರು ಬಲಿತರು. 269ರಲ್ಲಿ ಪೋಸ್ಟುಮಸ್‌ಗೆ ಎದುರಾಗಿ ಲೇಲಿಯಾನಸ್ ಅನ್ನೋನು ಮೈಂಜ್‌ನಲ್ಲಿ ದಂಗೆ ಎದ್ದ, ಪೋಸ್ಟುಮಸ್ ಅವನನ್ನ ಸೋಲಿಸಿದ, ಆದ್ರೆ ಗೆದ್ದ ಊರನ್ನ ಲೂಟಿ ಮಾಡೋಕೆ ಬಿಡಲ್ಲ ಅಂದಿದ್ದಕ್ಕೆ ಅವನ ಸೈನಿಕರೇ ಅವನನ್ನ ಮುಗಿಸಿದ್ರು. ಆ ಗಲಾಟೆಯಲ್ಲಿ ಪಟ್ಟಕ್ಕೆ ಬಂದೋನು ಮಾರಿಯಸ್, ಹಿಂದೆ ಕಮ್ಮಾರಿಕೆ ಮಾಡ್ತಿದ್ದನಂತೆ. ನಿಮ್ಮ ಲೇಖನದಲ್ಲಿ ಇರೋ ಕಥೆ ಲ್ಯಾಟಿನ್ ಪುಸ್ತಕದಲ್ಲೇ ಇದೆ, ಒಂದನೇ ದಿನ ರಾಜ ಆದ, ಎರಡನೇ ದಿನ ಆಳಿದ, ಮೂರನೇ ದಿನ ಸತ್ತ, ಕೊಂದೋನು ಅವನ ಕುಲುಮೆಯಲ್ಲೇ ಕೆಲಸಕ್ಕಿದ್ದೋನು, ಇದು ನೀನೇ ಮಾಡಿದ ಕತ್ತಿ ಅಂತ ಹೇಳಿ ಚುಚ್ಚಿದ ಅಂತ. ಕಥೆ ಚೆನ್ನಾಗಿದೆ, ನಾಟಕ ಕಂಪನಿಯವರಿಗೆ ಕೊಟ್ರೆ ಒಂದು ಸೀನ್ ಗ್ಯಾರಂಟಿ.

ಆದ್ರೆ ಮಾರಿಯಸ್‌ನ ನಾಣ್ಯ ರಾಶಿ ರಾಶಿ ಸಿಕ್ಕಿದೆ ರೀ. ಒಂದು ಟಂಕಸಾಲೆಯಿಂದಲ್ಲ, ಎರಡರಿಂದ. ಬೇರೆ ಬೇರೆ ಅಚ್ಚು, ಹಿಂಬದಿಗೆ ಬೇರೆ ಬೇರೆ ಚಿತ್ರ. ಆಗ ಮಷೀನ್ ಇರಲಿಲ್ಲ, ಒಬ್ಬ ಕೆತ್ತನೆಗಾರ ಕೂತು ಗಟ್ಟಿ ಲೋಹದ ಮೇಲೆ ರಾಜನ ಮುಖವನ್ನ ಉಲ್ಟಾ ಕೆತ್ತಬೇಕು, ಸುತ್ತ ಅಕ್ಷರಾನೂ ಉಲ್ಟಾ, ಆಮೇಲೆ ಕೆಳಗೊಂದು ಅಚ್ಚು ನಿಲ್ಲಿಸಿ ಅದರ ಮೇಲೆ ಕಾಸಿನ ಬಿಲ್ಲೆ ಇಟ್ಟು ಮೇಲಿನ ಅಚ್ಚನ್ನ ಕೈಯಲ್ಲಿ ಹಿಡ್ಕೊಂಡು ಸುತ್ತಿಗೆಯಿಂದ ಒಂದೊಂದಕ್ಕೂ ಹೊಡೀಬೇಕು. ಎರಡು ದಿನದಲ್ಲಿ ರಾಜ ಯಾರು ಅಂತ ಸುದ್ದಿ ಇನ್ನೊಂದು ಊರಿಗೆ ಮುಟ್ಟಿದ್ರೆ ಹೆಚ್ಚು. ಹಾಗಾಗಿ ನಾಣ್ಯ ಓದಿದ ವಿದ್ವಾಂಸರು ಆತ ಎರಡು ಮೂರು ತಿಂಗಳಾದ್ರೂ ಆಳಿರಬೇಕು ಅಂತಾರೆ. ಪುಸ್ತಕ ಬರೆದೋನು ಕಮ್ಮಾರ ರಾಜ ಆದನಲ್ಲ ಅಂತ ಗೇಲಿ ಮಾಡೋಕೆ ದಿನ ಕಡಿಮೆ ಮಾಡಿದ್ನೋ ಏನೋ, ಅದು ನನ್ನ ಅನುಮಾನ ಅಷ್ಟೇ. ಕ್ವಿಂಟಿಲಸ್‌ನದೂ ಇದೇ ಕೇಸು, 270ರಲ್ಲಿ ಅಣ್ಣ ಎರಡನೇ ಕ್ಲಾಡಿಯಸ್ ಪ್ಲೇಗ್ ಬಂದು ಸತ್ತ ಮೇಲೆ ಪಟ್ಟಕ್ಕೆ ಬಂದ, ಒಂದು ಕಡೆ 17 ದಿನ ಅಂತ ಬರೆದಿದ್ದಾರೆ ಇನ್ನೊಂದು ಕಡೆ 77 ದಿನ ಅಂತ. ರೋಮ್, ಮಿಲಾನ್, ಸಿಸ್ಕಿಯಾ, ಸೈಜಿಕಸ್ ಇಷ್ಟು ಕಡೆ ಅವನ ನಾಣ್ಯ ಹೊಡೆದಿದ್ದಾರೆ. ಸೈಜಿಕಸ್ ಇರೋದು ಈಗಿನ ಟರ್ಕಿಯಲ್ಲಿ. 17 ದಿನದಲ್ಲಿ? ನನಗಂತೂ 77ರ ಕಡೆಯೇ ಒಲವು.

ಪಟ್ಟಕ್ಕೆ ಬಂದ ತಕ್ಷಣ ಯಾಕೆ ನಾಣ್ಯ ಹೊಡಿಸೋ ಆತುರ ಅಂತ ನಿಮ್ಮ ಲೇಖನ ಕೇಳಿದೆ, ಬರೀ ಜಂಬ ಅಂತ ಉತ್ತರಾನೂ ಕೊಟ್ಟಿದೆ. ಜಂಬ ಇತ್ತು ಇಲ್ಲ ಅನ್ನಲ್ಲ. ಆದ್ರೆ ಮುಖ್ಯ ಕಾರಣ ಸಂಬಳ. ಹೊಸ ರಾಜ ಬಂದ್ರೆ ಸೈನಿಕರಿಗೆ ಇನಾಮು ಕೊಡಲೇಬೇಕು, ಕೊಡದಿದ್ರೆ ಅವತ್ತೇ ಇನ್ನೊಬ್ಬನನ್ನ ಕೂರಿಸ್ತಾರೆ. 193ರಲ್ಲಿ ಪರ್ಟಿನಾಕ್ಸ್‌ಗೆ ಆಗಿದ್ದು ಅದೇ, ಪಾಪ ಒಳ್ಳೇ ಮನುಷ್ಯ, ದಿನಾರಿಯಸ್ ಅನ್ನೋ ಬೆಳ್ಳಿ ನಾಣ್ಯದಲ್ಲಿ ಬೆಳ್ಳಿ ಹೆಚ್ಚು ಮಾಡಿದ, ಖರ್ಚು ಕಡಿಮೆ ಮಾಡಿದ, ಅರಮನೆ ಕಾವಲಿನವರ ಮೇಲೆ ಸ್ವಲ್ಪ ಶಿಸ್ತು ಹಾಕಿದ, ಮೂರು ತಿಂಗಳೊಳಗೆ ಅವರೇ ಕೊಂದ್ರು. ಕೊಂದು ಸುಮ್ಮನೆ ಇರಲಿಲ್ಲ, ಸಿಂಹಾಸನವನ್ನೇ ಹರಾಜಿಗೆ ಇಟ್ರು. ಸತ್ತವನ ಮಾವನೇ ಪಾಳೆಯದ ಒಳಗೆ ನಿಂತು ತಲೆಗೆ 20,000 ಸೆಸ್ಟರ್ಸ್ ಅಂತ ಕೂಗ್ತಿದ್ದ, ಹೊರಗೆ ಗೋಡೆ ಹತ್ತಿರ ನಿಂತ ಡಿಡಿಯಸ್ ಜೂಲಿಯಾನಸ್ ಒಂದೇ ಏಟಿಗೆ 25,000ಕ್ಕೆ ಏರಿಸಿದ, ಬೆರಳಲ್ಲೂ ತೋರಿಸಿದನಂತೆ. ನಮ್ಮ ಎಪಿಎಂಸಿ ಹರಾಜು ಕಟ್ಟೆ ನೋಡಿದವರಿಗೆ ಹೇಳೋದೇ ಬೇಡ. ಆತ ಆಳಿದ್ದು 66 ದಿನ. ನಾಣ್ಯದಲ್ಲಿ ಭೂಗೋಳ ಕೈಯಲ್ಲಿ ಹಿಡ್ಕೊಂಡು ನಿಂತಿದ್ದಾನೆ, ಸುತ್ತ 'ರೆಕ್ಟರ್ ಓರ್ಬಿಸ್', ಲೋಕವನ್ನೇ ನಡೆಸೋನು ಅಂತ ಬಿರುದು. ಇನ್ನೊಂದರಲ್ಲಿ 'ಸೈನಿಕರ ಒಗ್ಗಟ್ಟು'. ಬೆಳ್ಳಿ ಮಾತ್ರ ಪರ್ಟಿನಾಕ್ಸ್ ಏರಿಸಿದ್ದನ್ನ ಮತ್ತೆ ಇಳಿಸಿದ್ದಾನೆ. ಹರಾಜಿನ ಸಾಲ ತೀರಿಸಬೇಕಲ್ಲ!

ನಾಣ್ಯದ ಮೇಲಿನ ಬರಹ ಹಿಂಗೇ ಇರುತ್ತೆ, ಏನು ಇಲ್ವೋ ಅದನ್ನೇ ಬರೆಯೋದು. ಕ್ರಿ.ಶ. 69ರಲ್ಲಿ ಓಥೋ ಜನವರಿ 15ಕ್ಕೆ ಬಂದು ಏಪ್ರಿಲ್ 16ಕ್ಕೆ ತಾನೇ ಚುಚ್ಚಿಕೊಂಡು ಸತ್ತ, ಇಡೀ ಮೂರು ತಿಂಗಳು ಅಂತರ್ಯುದ್ಧ, ಅವನ ದಿನಾರಿಯಸ್ ಮೇಲೆ 'ಪಾಕ್ಸ್ ಓರ್ಬಿಸ್ ತೆರಾರಮ್', ಲೋಕಕ್ಕೆಲ್ಲ ಶಾಂತಿ ಅಂತ. ತಲೆ ಮೇಲೆ ಸಾಲು ಸಾಲು ಅಲೆ ಥರ ನೀಟಾದ ಕೂದಲು, ಅದು ಟೋಪನ್ ಅಂತ ಸುಯೆಟೋನಿಯಸ್ ಅನ್ನೋ ರೋಮನ್ ಲೇಖಕ ಬರೆದಿಟ್ಟಿದ್ದಾನೆ. ಶಾಂತಿಯೂ ಇಲ್ಲ ಕೂದಲೂ ಇಲ್ಲ.

ಆದ್ರೆ ಇದರಲ್ಲಿ ನನಗೆ ಎಲ್ಲಕ್ಕಿಂತ ಹೊಟ್ಟೆ ಕಿವುಚೋದು 238ರಲ್ಲಿ ಒಟ್ಟಿಗೆ ಆಳಿದ ಪುಪಿಯೆನಸ್, ಬಾಲ್ಬಿನಸ್ ಜೋಡಿ. ನಿಮ್ಮ ಲೇಖನದಲ್ಲಿ ಇವರಿಗೆ ಒಂದೇ ಸಾಲು. ಆ ವರ್ಷ ಆರು ಜನ ಚಕ್ರವರ್ತಿಗಳು. ಮ್ಯಾಕ್ಸಿಮಿನಸ್ ಅನ್ನೋ ಸೈನಿಕ ರಾಜ ತೆರಿಗೆ ಹಿಂಡ್ತಿದ್ದ, ಆಫ್ರಿಕಾದ ಥಿಸ್ಡ್ರಸ್‌ನಲ್ಲಿ, ಈಗಿನ ಟುನೀಷಿಯಾ, ಜಮೀನುದಾರರ ಮಕ್ಕಳು ತೆರಿಗೆ ಅಧಿಕಾರಿಯನ್ನ ಕೊಂದುಬಿಟ್ರು, ಕೊಂದ ಮೇಲೆ ಹೆದರಿಕೆಯಾಗಿ ಅಲ್ಲಿನ ರಾಜ್ಯಪಾಲ ಮುದುಕ ಗೋರ್ಡಿಯನ್‌ಗೆ ಬಲವಂತವಾಗಿ ಪಟ್ಟ ಕಟ್ಟಿದ್ರು. ಆತ ಮಗನನ್ನೂ ಜೊತೆಗೆ ರಾಜ ಮಾಡ್ಕೊಂಡ. ಮೂರೇ ವಾರ. ಪಕ್ಕದ ನುಮಿಡಿಯಾದಿಂದ ಕಪೆಲಿಯಾನಸ್ ಸೈನ್ಯ ತಂದ, ಮಗ ಯುದ್ಧದಲ್ಲಿ ಸತ್ತ, ಅಪ್ಪ ನೇಣು ಹಾಕ್ಕೊಂಡ. ಇಷ್ಟೆಲ್ಲ ಕಾರ್ತೇಜ್‌ನಲ್ಲಿ ನಡೀತಿದ್ರೆ ಇವರ ನಾಣ್ಯ ಹೊಡೀತಿದ್ದಿದ್ದು ಸಮುದ್ರದ ಆಚೆ ರೋಮ್‌ನಲ್ಲಿ. ಅಪ್ಪ ಮಗ ಇಬ್ಬರಿಗೂ ಒಂದೇ ಹೆಸರು ಒಂದೇ ಬಿರುದು, ಹಂಗಾಗಿ ಈಗ ನಾವು ಹಣೆ ನೋಡಿ ಗುರುತು ಹಿಡೀತೀವಿ, ಮುಂದಲೆ ಬೋಳಾಗಿರೋನು ಮಗ, ಕೂದಲು ಇರೋ ಸಣಕಲ ಮುಖದೋನು ಅಪ್ಪ. ಸಾವಿನ ಸುದ್ದಿ ರೋಮ್‌ಗೆ ತಲುಪೋವರೆಗೂ ಸುತ್ತಿಗೆ ಬೀಳ್ತಾನೇ ಇತ್ತು ಅಂದ್ರೆ, ಅಷ್ಟರಲ್ಲಿ ಕೆಲವು ನಾಣ್ಯ ಸತ್ತವರ ಹೆಸರಲ್ಲೇ ಹುಟ್ಟಿರಬೇಕು.

ಆಗ ಸೆನೆಟ್‌ನವರು ತಮ್ಮಲ್ಲೇ ಇಬ್ಬರನ್ನ ಆರಿಸಿದ್ರು, ಪುಪಿಯೆನಸ್ ಮತ್ತೆ ಬಾಲ್ಬಿನಸ್. ಜನ ಒಪ್ಪಲಿಲ್ಲ, ಕಲ್ಲು ತೂರಿದ್ರು, ಆ 13 ವರ್ಷದ ಮೊಮ್ಮಗನನ್ನ ಯುವರಾಜ ಅಂತ ಸೇರಿಸಿದ ಮೇಲೆ ಸುಮ್ಮನಾದ್ರು. ಮ್ಯಾಕ್ಸಿಮಿನಸ್ ಅಕ್ವಿಲೇಯಾ ಊರಿಗೆ ಮುತ್ತಿಗೆ ಹಾಕಿ ಅನ್ನ ನೀರಿಲ್ಲದೆ ಕೂತಾಗ ಅವನ ಸೈನಿಕರೇ ಅವನ ತಲೆ ತೆಗೆದ್ರು. ಸರಿ, ಇಲ್ಲಿಗೆ ಸುಖಾಂತ ಆಗಬೇಕಿತ್ತು. ಈ ಇಬ್ಬರು ಹೊಡಿಸಿದ ಬೆಳ್ಳಿ ನಾಣ್ಯ ನೋಡಿ, ಒಂದು ಕಡೆ ರಾಜನ ತಲೆ, ಇನ್ನೊಂದು ಕಡೆ ಎರಡು ಬಲಗೈ ಒಂದನ್ನೊಂದು ಗಟ್ಟಿಯಾಗಿ ಹಿಡ್ಕೊಂಡಿವೆ. ಬಾಲ್ಬಿನಸ್‌ದರಲ್ಲಿ 'ಫಿದೆಸ್ ಮೂತುವಾ', ಒಬ್ಬರಿಗೊಬ್ಬರ ನಂಬಿಕೆ. ಪುಪಿಯೆನಸ್‌ದರಲ್ಲಿ 'ಆಮೋರ್ ಮೂತುವುಸ್', ಪರಸ್ಪರ ಪ್ರೀತಿ. ಅರಮನೆಯಲ್ಲಿ ಆಗ್ತಿದ್ದಿದ್ದು ಬೇರೆ, ಬಾಲ್ಬಿನಸ್‌ಗೆ ತಾನು ದೊಡ್ಡ ಮನೆತನದೋನು ಅಂತ ಕೊಬ್ಬು, ಪುಪಿಯೆನಸ್‌ಗೆ ಯುದ್ಧ ಗೊತ್ತಿರೋನು ತಾನೇ ಅಂತ. ಕಾವಲಿನವರು ನುಗ್ಗಿ ಬಂದ ದಿನ ಪುಪಿಯೆನಸ್ ತನ್ನ ಜರ್ಮನ್ ಪಡೆ ಕರೆಸೋಣ ಅಂದ, ಬಾಲ್ಬಿನಸ್ ಬೇಡ ಅಂದ, ಯಾಕಂದ್ರೆ ಅದು ತನ್ನನ್ನೇ ಮುಗಿಸೋಕೆ ಹೂಡಿದ ಆಟ ಅಂತ ಅವನ ಅನುಮಾನ. ಇವರು ಜಗಳ ಆಡ್ತಿರೋವಾಗಲೇ ಅವರು ಒಳಗೆ ಬಂದು ಇಬ್ಬರನ್ನೂ ಬಟ್ಟೆ ಕಿತ್ತು ಬೀದಿಯಲ್ಲಿ ಎಳ್ಕೊಂಡು ಹೋಗಿ ಕೊಂದ್ರು. 99 ದಿನ ಅಂತ ಲೆಕ್ಕ. ಆ ಕೈಕೈ ಹಿಡಿದ ನಾಣ್ಯದ ಫೋಟೋ ನನ್ನ ಮೇಜಿನ ಮೇಲೆ ಇದೆ, ಅಸಲಿ ತಗೊಳ್ಳೋ ತಾಕತ್ತು ನನಗಿಲ್ಲ.

ನನ್ನ ಹತ್ರ ಇರೋ ಅಸಲಿ ರೋಮನ್ ನಾಣ್ಯ ಗಾಲಿಯೆನಸ್‌ದು, ಮೇಲೆ ಹೇಳಿದ ವಲೇರಿಯನ್‌ನ ಮಗ. ಅವನು 15 ವರ್ಷ ಆಳಿದೋನು ಬಿಡಿ, ಆದ್ರೆ ಅವನ ನಾಣ್ಯ ಕೈಗೆ ತಗೊಂಡ್ರೆ ಆ ಕಾಲ ಗೊತ್ತಾಗುತ್ತೆ. ಬೆಳ್ಳಿ ಅಂಗಡಿಯವನ ಮಗ ಆಗಿ ಹೇಳ್ತೀನಿ, ಅದು ಬೆಳ್ಳಿಯೇ ಅಲ್ಲ, ತಾಮ್ರದ ಬೆರಕೆ ಮೇಲೆ ಬೆಳ್ಳಿ ಗಿಲೀಟು. ಆಗಸ್ಟಸ್ ಕಾಲದ ದಿನಾರಿಯಸ್ ಹೆಚ್ಚುಕಮ್ಮಿ ಅಪ್ಪಟ ಬೆಳ್ಳಿ. ಅಲ್ಲಿಂದ ಇಳೀತಾ ಇಳೀತಾ 215ರಲ್ಲಿ ಕಾರಕಲ್ಲಾ ಒಂದು ಹೊಸ ನಾಣ್ಯ ತಂದ, ಎರಡು ದಿನಾರಿಯಸ್ ಬೆಲೆ ಅಂತ ಹೇಳಿ ಒಂದೂವರೆಯಷ್ಟೇ ಬೆಳ್ಳಿ ಹಾಕಿದ, ಈಗ ಅದನ್ನ ಆಂಟೊನಿನಿಯಾನಸ್ ಅಂತೀವಿ. ನಡುವೆ ಅದು ನಿಂತುಹೋಗಿತ್ತು, ಮತ್ತೆ ಶುರು ಮಾಡಿದೋರು ಯಾರು ಗೊತ್ತಾ, ಇದೇ ಕೈಕೈ ಹಿಡಿದ ಜೋಡಿ. 268ರ ಹೊತ್ತಿಗೆ ಅದರಲ್ಲಿ ನೂರಕ್ಕೆ ಐದು ಭಾಗಾನೂ ಬೆಳ್ಳಿ ಇಲ್ಲ. ನಮ್ಮಪ್ಪ ಆಗಿದ್ರೆ ಒರೆಗಲ್ಲಿಗೂ ಹಚ್ಚದೆ ವಾಪಸ್ ಕೊಟ್ಟಿರೋರು.

ವಾಪಸ್ ಕೊಟ್ಟವರು ಆಗಲೂ ಇದ್ರು. ಈಜಿಪ್ಟಿನ ಆಕ್ಸಿರಿಂಕಸ್ ಅನ್ನೋ ಊರಿನ ಕಸದ ಗುಡ್ಡೆಯಲ್ಲಿ ಸಾವಿರಾರು ಪಪೈರಸ್ ಹಾಳೆ ಸಿಕ್ಕಿವೆ, ಅದರಲ್ಲಿ 260ನೇ ಇಸವಿ ನವೆಂಬರ್‌ನದು ಒಂದು ಸರ್ಕಾರಿ ಆದೇಶ. ಊರಿನ ಹಣ ಬದಲಾಯಿಸೋ ಅಂಗಡಿಯವರೆಲ್ಲ ಬಾಗಿಲು ಹಾಕ್ಕೊಂಡಿದ್ದಾರೆ, ಚಕ್ರವರ್ತಿಗಳ ನಾಣ್ಯ ತಗೊಳ್ಳಲ್ಲ ಅಂತಿದ್ದಾರೆ, ತಕ್ಷಣ ಬಾಗಿಲು ತೆಗೆದು ಖೋಟಾ ಒಂದನ್ನ ಬಿಟ್ಟು ಎಲ್ಲ ನಾಣ್ಯ ತಗೋಬೇಕು, ತಪ್ಪಿದ್ರೆ ಶಿಕ್ಷೆ ಅಂತ. ಆಗ ಅಲ್ಲಿ ಆಳ್ತಿದ್ದೋರು ಮಾಕ್ರಿಯಾನಸ್ ಮತ್ತೆ ಕ್ವಿಯೆಟಸ್ ಅನ್ನೋ ಅಣ್ಣ ತಮ್ಮ, ವಲೇರಿಯನ್ ಸೆರೆ ಸಿಕ್ಕ ಮೇಲೆ ಎದ್ದೋರು, ಮಾರನೇ ವರ್ಷ ಇಬ್ಬರೂ ಇಲ್ಲ. ಇದನ್ನ ಓದಿದಾಗ ನಮ್ಮ ಊರಿನ ಕಿರಾಣಿ ಅಂಗಡಿಯಲ್ಲಿ ಹತ್ತು ರೂಪಾಯಿ ನಾಣ್ಯ ಕೊಟ್ರೆ "ಇದು ನಡೆಯಲ್ಲ ಸಾರ್, ನೋಟ್ ಕೊಡಿ" ಅಂತಿದ್ದಿದ್ದು ನೆನಪಾಯ್ತು, ರಿಸರ್ವ್ ಬ್ಯಾಂಕ್ ಎಷ್ಟು ಸಲ ಹೇಳಿದ್ರೂ ಕೇಳ್ತಿರಲಿಲ್ಲ. ವ್ಯತ್ಯಾಸ ಏನಂದ್ರೆ ನಮ್ಮ ಅಂಗಡಿಯವನದು ಬರೀ ಗಾಳಿಸುದ್ದಿ, ಆಕ್ಸಿರಿಂಕಸ್‌ನವನ ಭಯಕ್ಕೆ ಕಾರಣ ಇತ್ತು, ಇವತ್ತಿನ ರಾಜ ನಾಳೆ ಇರ್ತಾನಾ?

ನಮ್ಮ ನೆಲದಲ್ಲಿ ಸಿಕ್ಕಿರೋ ರೋಮನ್ ಬೆಳ್ಳಿಯೂ ಹೆಚ್ಚಾಗಿ ಆ ಒಳ್ಳೇ ಕಾಲದ್ದೇ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಅಗೆದಾಗ ಆಗಸ್ಟಸ್, ಟೈಬೀರಿಯಸ್ ದಿನಾರಿಯಸ್ ಸಿಕ್ತು, 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ 163 ನಾಣ್ಯ ಸಿಕ್ತು, ಅವೂ ಆಗಸ್ಟಸ್, ಟೈಬೀರಿಯಸ್, ಕ್ಲಾಡಿಯಸ್. ನಮ್ಮ ವ್ಯಾಪಾರಿಗಳು ಟಚ್ ನೋಡಿ ತಗೊಳ್ಳೋರು ಅಂತ ನನಗೆ ಒಳಗೊಳಗೇ ಖುಷಿ. ದೀನಾರ ಅನ್ನೋ ಪದ ನಮ್ಮ ಬಾಯಿಗೆ ಬಂದಿದ್ದೂ ಅಲ್ಲಿಂದಾನೇ.

ಇನ್ನು 'ಲೆಕ್ಕಕ್ಕಿಲ್ಲ' ಅನ್ನೋ ಮಾತಿಗೆ ಬರ್ತೀನಿ. ಕೆಲವರು ಇದ್ರು ಅಂತ ಗೊತ್ತಾಗಿದ್ದೇ ನಾಣ್ಯದಿಂದ. ಸಿಲ್ಬನ್ನಾಕಸ್ ಅನ್ನೋ ಚಕ್ರವರ್ತಿ ಹೆಸರು ಯಾವ ಹಳೇ ಪುಸ್ತಕದಲ್ಲೂ ಇಲ್ಲ, ಎರಡೇ ಎರಡು ನಾಣ್ಯ ಇದೆ. ಡ್ಯಾನ್ಯೂಬ್ ದಂಡೆಯ ಕಾರ್ನುಂಟಮ್‌ನಲ್ಲಿ 260ರ ಸುಮಾರಿಗೆ ಎದ್ದ ರೆಗಾಲಿಯಾನಸ್‌ಗೆ ಟಂಕಸಾಲೆಯೇ ಇರಲಿಲ್ಲ, ಬಿಲ್ಲೆ ಎರಕ ಹೊಯ್ಯೋಕೂ ಟೈಮ್ ಇಲ್ಲ, ಜನರ ಕೈಲಿದ್ದ ಹಳೇ ದಿನಾರಿಯಸ್ ತಗೊಂಡು ಅದರ ಮೇಲೇ ತನ್ನ ಅಚ್ಚು ಹೊಡಿಸಿದ, ಹೆಂಡತಿ ಡ್ರಯಾಂಟಿಲಾ ಹೆಸರಲ್ಲೂ ಹೊಡಿಸಿದ. ಸರಿಯಾಗಿ ಕೂರದ ಕಡೆ ಅವನ ಗಡ್ಡದ ಪಕ್ಕ ಹಳೇ ರಾಜನ ಮೂಗೋ ಅಕ್ಷರವೋ ಇಣುಕುತ್ತೆ. ಒಂದು ಗೋಡೆ ಮೇಲೆ ಹಳೇ ಎಲೆಕ್ಷನ್ ಪೋಸ್ಟರ್ ಮೇಲೆ ಹೊಸದು ಅಂಟಿಸಿದ ಹಾಗೆ.

ಎರಡನೇ ಡೊಮಿಷಿಯನ್ ಕಥೆ ಇನ್ನೂ ಮಜಾ. 1900ರಲ್ಲಿ ಫ್ರಾನ್ಸ್‌ನಲ್ಲಿ ಅವನದೊಂದು ನಾಣ್ಯ ಸಿಕ್ತು. ಹಳೇ ಪುಸ್ತಕದಲ್ಲಿ ಆ ಹೆಸರಿನ ದಂಗೆಕೋರ ಒಬ್ಬನ ಬಗ್ಗೆ ಒಂದೆರಡು ಮಾತು ಇತ್ತಾದ್ರೂ ಚಕ್ರವರ್ತಿ ಅಂತ ಯಾರೂ ನಂಬಲಿಲ್ಲ, ನಾಣ್ಯ ನಕಲಿ ಅಂತ ಮೂಲೆಗೆ ಹಾಕಿದ್ರು. ನೂರು ವರ್ಷ ಆದ ಮೇಲೆ, 2003ರಲ್ಲಿ, ಇಂಗ್ಲೆಂಡಿನ ಆಕ್ಸ್‌ಫರ್ಡ್ ಹತ್ರ ಚಾಲ್‌ಗ್ರೋವ್ ಹೊಲದಲ್ಲಿ ಮೆಟಲ್ ಡಿಟೆಕ್ಟರ್ ಹಿಡ್ಕೊಂಡು ಓಡಾಡ್ತಿದ್ದವರಿಗೆ ಒಂದು ಮಡಕೆ ಸಿಕ್ತು, ಒಳಗೆ ಸುಮಾರು 5,000 ನಾಣ್ಯ ತುಕ್ಕು ಹಿಡಿದು ಒಂದೇ ಮುದ್ದೆ. ಬ್ರಿಟಿಷ್ ಮ್ಯೂಸಿಯಮ್ಮಿನವರು ಒಂದೊಂದೇ ಬಿಡಿಸಿ ತೊಳೀತಾ ಹೋದಾಗ ಮಧ್ಯದಲ್ಲಿ ಅದೇ ಮುಖ, ಅದೇ ಹೆಸರು. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದ್ರೆ ಒಂದೇ ಜೊತೆ ಅಚ್ಚಿನಿಂದ ಹೊಡೆದದ್ದು. ಫ್ರಾನ್ಸಿನ ನಾಣ್ಯ ನಕಲಿಯಾಗಿದ್ರೆ ಅದರ ಜೋಡಿ ಇಂಗ್ಲೆಂಡಿನ ಮಣ್ಣೊಳಗೆ 1,700 ವರ್ಷದಿಂದ ಮುಚ್ಚಿದ ಮಡಕೆಯೊಳಗೆ ಹೆಂಗೆ ಹೋಗುತ್ತೆ? ಈಗ ಅದು ಆಶ್‌ಮೋಲಿಯನ್ ಮ್ಯೂಸಿಯಮ್ಮಲ್ಲಿದೆ. ಹಿಂಬದಿ ಬರಹ ಏನು ಅಂತೀರಾ, 'ಕೊಂಕಾರ್ಡಿಯಾ ಮಿಲಿಟಮ್', ಮತ್ತೆ ಅದೇ ಸೈನಿಕರ ಒಗ್ಗಟ್ಟು!

ಸ್ಪಾನ್ಸಿಯನ್ ಅನ್ನೋ ಹೆಸರಿರೋ ನಾಣ್ಯಗಳ ವಿಷಯದಲ್ಲಿ ಮಾತ್ರ ನಿಮ್ಮ ಲೇಖಕರು ಅವಸರ ಮಾಡಿ "ಅಸಲಿ ಅಂತ ಸಾಬೀತಾಗಿದೆ" ಅಂತ ಬರೆದಿದ್ದಾರೆ. 1713ರಲ್ಲಿ ಟ್ರಾನ್ಸಿಲ್ವೇನಿಯಾದಲ್ಲಿ ಸಿಕ್ಕಿದ್ದು ಅಂತ ಹೇಳೋ ಬಂಗಾರದ ನಾಣ್ಯ ಅವು, ಹೊಡೆದದ್ದಲ್ಲ, ಎರಕ ಹೊಯ್ದದ್ದು, ಬರಹಾನೂ ಒರಟು. 2022ರಲ್ಲಿ ಮೈಕ್ರೋಸ್ಕೋಪಲ್ಲಿ ಸವೆತ, ಮೇಲೆ ಅಂಟಿದ ಮಣ್ಣು ನೋಡಿ ಅಸಲಿ ಅಂತ ಒಂದು ಗುಂಪು ಬರೆದಿದ್ದು ನಿಜ, ಆದ್ರೆ ಬೇರೆ ನಾಣ್ಯತಜ್ಞರು ಒಪ್ಪಿಲ್ಲ, ಜಗಳ ನಡೀತಾನೇ ಇದೆ. ನನ್ನ ಓಟು ಒಪ್ಪದವರ ಕಡೆ, ಎರಕದ ರೋಮನ್ ಬಂಗಾರ ಅಂದ್ರೆ ನನಗೆ ಗಂಟಲಲ್ಲಿ ಇಳಿಯಲ್ಲ.

ಲೇಖಕರ ಮೇಲೆ ಕೋಪ ಇಲ್ಲ, ಇನ್ನೊಂದು ಬರೆಸಿ, ಈ ಸಲ ಬೆರಕೆ ಬೆಳ್ಳಿ ಬಗ್ಗೆ ಬರೆಸಿ, ಅದರಲ್ಲಿ ಹೇಳೋಕೆ ಬೇಕಾದಷ್ಟಿದೆ. ಸದ್ಯಕ್ಕೆ ಮುಂದಿನ ಭಾನುವಾರ ಒಂದು ಮೂಲೆಯಲ್ಲಿ, ಆ ಫೋಟೋದಲ್ಲಿರೋದು ತಾತ ಅಲ್ಲ ಮೊಮ್ಮಗ ಅಂತ ಒಂದು ಸಾಲು ಹಾಕಿ ಸಾಕು. ನನ್ನ ಪಕ್ಕದ ಮನೆ ಹುಡುಗಿ ಆ ಪುಟ ಕತ್ತರಿಸಿ ಸ್ಕೂಲ್ ಪ್ರಾಜೆಕ್ಟಿಗೆ ಅಂಟಿಸಿಬಿಟ್ಟಿದ್ದಾಳೆ.

ಇಂತಿ,
ನಿಮ್ಮ ಹಳೇ ಓದುಗ,
ದಾವಣಗೆರೆ